ಹೈಡ್ರೋಜನ್ ಲ್ಯಾಬಿನಲ್ಲಿ ಮಂಗಳಾರತಿ

ಹೈಡ್ರೋಜನ್ ಎಲ್ಲಕ್ಕಿಂತ ಹಗುರವಾದ ಅನಿಲ. ಅದನ್ನು ನಂಬಿಕೊಂಡು ಸಂಶೋಧನೆ ಮಾಡುವವರನ್ನೂ ಜನ ಅಷ್ಟೇ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮೈಸೂರಿನ ಒಂದು ವಿಭಾಗದಲ್ಲಿ ಬಹಳ ಕಾಲ ಇದೇ ವಿಷಯ ಪಾಠ ಮಾಡಿಕೊಂಡಿದ್ದ ನನಗೆ ಇದರ ಅನುಭವ ಚೆನ್ನಾಗಿಯೇ ಆಗಿದೆ.

ಬಾಂಬ್ ಸೆಕ್ಷನ್

ಮರಳುಗಾಡಿನಲ್ಲಿ ಬಾಂಬ್ ಪರೀಕ್ಷೆ ನಡೆದು, ಪೇಪರಿನ ತುಂಬ ಅದೇ ಸುದ್ದಿಯಿದ್ದ ಕಾಲ. ನಮ್ಮ ಸಂಶೋಧನಾ ವಿದ್ಯಾರ್ಥಿಯೊಬ್ಬನಿಗೆ ಹೆಣ್ಣು ನೋಡಲು ಮಂಡಿ ಮೊಹಲ್ಲಾಕ್ಕೆ ಹೋಗಿದ್ದೆವು. ಹುಡುಗಿಯ ತಂದೆಗೆ ಅಲ್ಲಿ ಸಗಟು ಅಂಗಡಿ, ಹಣೆ ತುಂಬ ವಿಭೂತಿ. ಉಪ್ಪಿಟ್ಟು, ಕೇಸರಿಬಾತು ಆದ ಮೇಲೆ ಹುಡುಗನ ಕೆಲಸ ಏನೆಂದು ವಿಚಾರಿಸಿದರು. ಇವನು ನಾಚಿಕೊಂಡು, ಹೈಡ್ರೋಜನ್ ಮೇಲೆ ಕೆಲಸ ಎಂದ.

ಬಾಗಿಲ ಮರೆಯಲ್ಲಿದ್ದ ಹೆಂಗಸರು ಇನ್ನಷ್ಟು ಹಿಂದಕ್ಕೆ ಸರಿದರು. ತಂದೆ ಮಾತ್ರ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಇವನ ತಟ್ಟೆಗೆ ಇನ್ನೊಂದು ಬಾಳೆಹಣ್ಣು ಇಟ್ಟು, ದನಿ ತಗ್ಗಿಸಿ ಕೇಳಿದರು: “ಬಾಂಬ್ ಸೆಕ್ಷನ್ನಾ?”

ನಾನು ಗಾಬರಿಯಾಗಿ ನಡುವೆ ಬಾಯಿ ಹಾಕಿದೆ. ಬಾಂಬಿಗೂ ಇದಕ್ಕೂ ಸಂಬಂಧವಿಲ್ಲ, ಇದು ಹೊಗೆಯಿಲ್ಲದೆ ವಾಹನ ಓಡಿಸುವ ಇಂಧನ, ಯಾರಿಗೂ ಅಪಾಯವಿಲ್ಲ, ಹುಡುಗ ಸದ್ಯಕ್ಕೆ ಫೆಲೋಶಿಪ್ ಮೇಲಿದ್ದಾನೆ ಎಂದು ಬಿಡಿಸಿ ಹೇಳಿದೆ. ಅವರ ಮುಖ ಇಳಿದುಹೋಯಿತು.

“ಬಾಂಬೇ ಆಗಿದ್ರೆ ಚೆನ್ನಾಗಿತ್ತು ಕಣ್ರೀ. ಸೆಂಟ್ರಲ್ ಗೌರ್ಮೆಂಟು, ಪರ್ಮನೆಂಟು.”

ಏಕೈಕ ಅಪಘಾತ

ಹೈಡ್ರೋಜನ್ ಇರುವ ಕಡೆ ಬೆಂಕಿಕಡ್ಡಿ ಗೀರುವಂತಿಲ್ಲ. ಮೈಸೂರಿನಲ್ಲಿದ್ದುಕೊಂಡು ಆಯುಧಪೂಜೆ ಬಿಡುವಂತೆಯೂ ಇಲ್ಲ. ಪೂಜೆಯ ಏರ್ಪಾಡೆಲ್ಲ ನಮ್ಮ ಅಟೆಂಡರ್‌ದು. ಅವರು ಕ್ರೈಸ್ತರು, ಭಾನುವಾರ ಚರ್ಚು ತಪ್ಪಿಸಿದವರಲ್ಲ, ಆಯುಧಪೂಜೆಗೆ ಸೇವಂತಿಗೆ ಮರೆತವರೂ ಅಲ್ಲ.

ಸುರಕ್ಷತೆಯ ಉಸ್ತುವಾರಿ ಹೊತ್ತಿದ್ದ ಪ್ರೊಫೆಸರು ಕರ್ಪೂರ ಹಚ್ಚಕೂಡದೆಂದರು. ಕರ್ಪೂರವಿಲ್ಲದೆ ಅದೆಂಥ ಮಂಗಳಾರತಿ ಎಂದು ಪುರೋಹಿತರು ತಟ್ಟೆ ಕೆಳಗಿಟ್ಟುಬಿಟ್ಟರು. ಇಬ್ಬರೂ ಪಟ್ಟು ಬಿಡಲಿಲ್ಲ. ಕಡೆಗೆ ಅಟೆಂಡರು ಆರತಿ ತಟ್ಟೆಯಲ್ಲಿ ಒಂದು ಟಾರ್ಚ್ ನಿಲ್ಲಿಸಿ ತಂದರು. ಪುರೋಹಿತರು ಬೇರೆ ದಾರಿ ಕಾಣದೆ ಕಣ್ಣುಮುಚ್ಚಿ ಅದನ್ನೇ ಬೆಳಗಿದರು. ನಾವೆಲ್ಲ ಸಾಲಾಗಿ ಟಾರ್ಚ್ ಬೆಳಕಿಗೆ ಅಂಗೈ ಒಡ್ಡಿ ಕಣ್ಣಿಗೆ ಒತ್ತಿಕೊಂಡೆವು.

ಪ್ರೊಫೆಸರಿಗೆ ಪರಮಾನಂದ. ಎಚ್ಚರಿಕೆಯೊಂದಿದ್ದರೆ ಅಪಘಾತ ಹತ್ತಿರ ಸುಳಿಯುವುದಿಲ್ಲ ಎಂದು ನಮ್ಮ ಕಡೆಗೆ ತಿರುಗಿ ಉಪದೇಶ ಮಾಡುತ್ತಲೇ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಗೆ ಹೋದರು. ಬಾಗಿಲಲ್ಲಿ ಆಗತಾನೆ ಒಡೆದ ಬೂದುಗುಂಬಳಕಾಯಿ ಇತ್ತು.

ದೀಪಾವಳಿಯವರೆಗೂ ಅವರ ಕೈಗೆ ಪ್ಲಾಸ್ಟರ್. ನಮ್ಮ ಲ್ಯಾಬಿನಲ್ಲಿ ಆದ ಅಪಘಾತ ಅದೊಂದೇ. ಅದರಲ್ಲಿ ಹೈಡ್ರೋಜನ್ನಿನ ತಪ್ಪೇನೂ ಇರಲಿಲ್ಲ.

ಕಚ್ಚಾವಸ್ತು

ನೀರಿಗೆ ಕರೆಂಟು ಹಾಯಿಸಿದರೆ ಹೈಡ್ರೋಜನ್ ಬೇರೆಯಾಗಿ ಬರುತ್ತದೆ. ಇದನ್ನು ತೋರಿಸಲು ಒಮ್ಮೆ ದೊಡ್ಡ ಕಾರ್ಯಾಗಾರ ಮಾಡಿದೆವು. ಅತಿಥಿಗಳು ಬಂದು ಕೂತರು, ಕರೆಂಟು ಹೋಯಿತು. ಶಾಮಿಯಾನದವರ ಡೀಸೆಲ್ ಜನರೇಟರ್ ತರಿಸಿ ಕಿಟಕಿಯ ಕೆಳಗೇ ಇಟ್ಟೆವು. ಹೊಗೆಮುಕ್ತ ನಾಳೆಯ ಬಗ್ಗೆ ಅತಿಥಿಗಳು ಕೆಮ್ಮಿಕೊಂಡೇ ಭಾಷಣ ಮುಗಿಸಿದರು.

ಆ ಸಲದ ಪರೀಕ್ಷೆಯಲ್ಲಿ ಹೈಡ್ರೋಜನ್ ತಯಾರಿಕೆಗೆ ಏನೇನು ಬೇಕೆಂದು ಕೇಳಿದ್ದೆ. ಒಬ್ಬ ವಿದ್ಯಾರ್ಥಿನಿ ಬರೆದಿದ್ದಳು: ‘ನೀರು, ವಿದ್ಯುತ್ ಮತ್ತು ಡೀಸೆಲ್.’ ಕಣ್ಣಾರೆ ಕಂಡವಳಿಗೆ ಅಂಕ ಕಳೆಯುವುದು ಹೇಗೆ?

ತೀರ್ಥ

ನಮ್ಮ ಯೋಜನೆಯನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ದೆಹಲಿಯಿಂದ ಒಂದು ಸಮಿತಿ ಬಂತು. ಅನುದಾನ ನಿಂತರೆ ಸಂಶೋಧನಾ ವಿದ್ಯಾರ್ಥಿಗಳೆಲ್ಲ ಮನೆಗೆ ಹೋಗಬೇಕು. ಸಮಿತಿಯ ಅಧ್ಯಕ್ಷರು ವಯಸ್ಸಾದವರು. ಚಾಮುಂಡಿ ಬೆಟ್ಟಕ್ಕೆ ಹೋಗಿ, ದರ್ಶನ ಮುಗಿಸಿ, ಕುಂಕುಮ ಇಟ್ಟುಕೊಂಡೇ ನೇರ ಲ್ಯಾಬಿಗೆ ಬಂದಿದ್ದರು. ನಾವು ಏನು ತೋರಿಸಿದರೂ ತಲೆದೂಗುವವರಲ್ಲ.

ನಮ್ಮ ವಿಭಾಗದ ಮುಖ್ಯಸ್ಥರು ಕಡೆಯ ಪ್ರಯತ್ನಕ್ಕೆ ಇಳಿದರು. ಹೈಡ್ರೋಜನ್ನಿನಿಂದ ಕರೆಂಟು ಮಾಡುವ ನಮ್ಮ ಯಂತ್ರ ಹೊಗೆಯ ಬದಲು ಶುದ್ಧ ನೀರನ್ನು ಹೊರಗೆ ಬಿಡುತ್ತದೆ, ಬೇಕಾದರೆ ಕುಡಿದು ನೋಡಬಹುದು ಎಂದರು. ಬೆಳಗಿನಿಂದ ಸಂಗ್ರಹವಾಗಿದ್ದದ್ದು ಒಂದು ಪುಟ್ಟ ಲೋಟ ನೀರು. ಅದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು, ಎಲ್ಲರಿಗೂ ಸಾಕಾಗಲೆಂದು ಒಂದು ಚಮಚವನ್ನೂ ಇಟ್ಟು, ಅಧ್ಯಕ್ಷರ ಮುಂದೆ ಹಿಡಿದು ನಿಂತರು.

ಅಧ್ಯಕ್ಷರು ಚಪ್ಪಲಿ ಕಳಚಿದರು. ಬಲ ಅಂಗೈಯನ್ನು ಬಟ್ಟಲು ಮಾಡಿ, ಎಡಗೈಯನ್ನು ಅದರ ಕೆಳಗಿಟ್ಟು, ಒಂದು ಚಮಚ ನೀರು ತೆಗೆದುಕೊಂಡು ಸದ್ದಿಲ್ಲದೆ ಹೀರಿದರು. ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು. ಅವರ ಹಿಂದೆ ಇಡೀ ಸಮಿತಿ ಸಾಲು ನಿಂತಿತು. ಮುಖ್ಯಸ್ಥರು ಒಬ್ಬೊಬ್ಬರಿಗೂ ಒಂದೊಂದು ಚಮಚ ಹಾಕುತ್ತ ಹೋದರು. ನಮಗೆ ನಗು ಉಕ್ಕುತ್ತಿತ್ತು. ಅನುದಾನದ ಭಯಕ್ಕೆ ತುಟಿ ಕಚ್ಚಿಕೊಂಡು ನಿಂತೆವು.

ಅಧ್ಯಕ್ಷರು ಹೊರಡುವ ಮುನ್ನ ಜೇಬಿಗೆ ಕೈಹಾಕಿ, ಒಂದು ನಾಣ್ಯವನ್ನು ತಟ್ಟೆಗೆ ಹಾಕಿ, ಕೈಮುಗಿದು ಹೋದರು.

ಆಮೇಲೆ ತಿಂಗಳುಗಟ್ಟಲೆ ಕಾದೆವು. ಆ ಸಮಿತಿಯಿಂದ ನಮ್ಮ ವಿಭಾಗಕ್ಕೆ ಬಂದ ಅನುದಾನ ಅದೊಂದೇ.