ತಿಳೀಲಿಲ್ಲಂದ್ರ ಶ್ಯಾಣ್ಯಾ

ಕಲಬುರಗಿಯ ಕುಸನೂರ ಕಡೆಯ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಕ್ಲರ್ಕ್ ಮೇಡಮ್ ಆಗಿ ಕೂತಿದ್ದೇನೆ. ನಗಬೇಕೆಂದರೆ ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಹತ್ತು ಗಂಟೆಗೆ ನಮ್ಮ ಅಧ್ಯಕ್ಷರು ಬರುತ್ತಾರೆ. ಮುಷ್ಟಿ ತೊಗರಿ ಹಿಡಿದು ಯಾವ ಹೊಲದ್ದೆಂದು ಹೇಳುವ ಮನುಷ್ಯ. ಇಂಗ್ಲಿಷ್ ಮಾತ್ರ ಬಾರದು. ಹಾಗಾಗಿ ಅವರ ಲೆಕ್ಕದಲ್ಲಿ, ತಮಗೆ ತಿಳಿಯದಂತೆ ಇಂಗ್ಲಿಷ್ ಮಾತಾಡಿದವರೆಲ್ಲ ಶ್ಯಾಣ್ಯಾರು, ಉಳಿದವರು ದಡ್ಡರು.

ಬಿಳಿ ಮಶೀನು

ಏಪ್ರಿಲ್‌ನಲ್ಲಿ ಟೈ ಕಟ್ಟಿಕೊಂಡವನೊಬ್ಬ ಬಂದು ಅರ್ಧ ತಾಸು ಇಂಗ್ಲಿಷ್ ಮಾತಾಡಿದ. ಏನು ಮಾರುತ್ತಿದ್ದಾನೆಂದು ಅಧ್ಯಕ್ಷರು ಕೇಳಲಿಲ್ಲ. ಕೇಳಿದರೆ ಮರ್ಯಾದೆ ಹೋಗುತ್ತದಲ್ಲ. ಮರುದಿನ ಅವರ ಕೋಣೆಗೆ ಬಿಳಿ ಮಶೀನು ಬಂತು. ತಂಪು ಗಾಳಿಯದೆಂದು ಗುಂಡಿ ಒತ್ತಿದರೆ ರೂಮ್ ಹೀಟರ್! ಹೊರಗೆ ಕಲಬುರಗಿಯ ಬಿಸಿಲು, ಒಳಗೆ ಅದರ ತಮ್ಮ. ವಾಪಸ್ ಕಳಿಸೋಣ ಅಂದೆ. ಅಧ್ಯಕ್ಷರು ಬೆವರು ಒರೆಸಿಕೊಂಡರು.

“ಅಷ್ಟು ಇಂಗ್ಲಿಷ್ ಬಲ್ಲಾಂವ ತಪ್ಪು ಮಾಲ್ ಕೊಡ್ತಾನೇನ್ರಿ? ನಮ್ಮ ಕೋಣೀಗೇ ಯೋಗ್ಯತಾ ಇಲ್ಲ.”

ಮಶೀನನ್ನು ಒಳಗೇ ಬಿಟ್ಟು, ತಾವು ವರಾಂಡಕ್ಕೆ ಬಂದು ಕೂತರು.

ಬಾಳೆಹಣ್ಣಿನ ಪಾಠ

ಕಮಲಾಪುರದಲ್ಲಿರುವ ನನ್ನ ಅಣ್ಣನ ಮಗಳು ಗಣಿತದಲ್ಲಿ ಎಂ.ಎಸ್ಸಿ. ಈ ತಿಂಗಳು ನೌಕರಿ ಸಿಗದಿದ್ದರೆ ಮದುವೆ ಎಂದು ಅಣ್ಣ ಗಡುವು ಹಾಕಿದ್ದ. ನಮ್ಮಲ್ಲಿ ಗಣಿತದ ಜಾಗ ಖಾಲಿಯಿತ್ತು, ಕರೆಸಿದೆ. ಅರ್ಧವನ್ನು ಕಾಲಿನಿಂದ ಭಾಗಿಸಿದರೆ ಎರಡು ಹೇಗೆ ಬರುತ್ತದೆ ಎಂಬುದನ್ನು ಊರಿನ ಕೆಂಪು ಬಾಳೆಹಣ್ಣು ಕೊಯ್ದು, ಅಧ್ಯಕ್ಷರ ಎದುರೇ ತರಗತಿಯಲ್ಲಿ ಕನ್ನಡದಲ್ಲೇ ತೋರಿಸಿದಳು. ಮಕ್ಕಳಿಗಿಂತ ಮೊದಲು ಅಧ್ಯಕ್ಷರೇ ಉತ್ತರ ಕೂಗಿದರು. ಅಲ್ಲಿಗೆ ನೌಕರಿ ಸಿಕ್ಕಿತೆಂದು ನಾನು ಪೇಢಾ ತರಿಸಲು ಹೊರಟೆ. ಅಧ್ಯಕ್ಷರು ಪಕ್ಕಕ್ಕೆ ಕರೆದರು.

“ಬ್ಯಾಸರ ಮಾಡ್ಕೋಬ್ಯಾಡ್ರಿ, ಹುಡುಗಿ ದಡ್ಡ ಅದಾಳ. ಆಕಿ ಹೇಳಿದ್ದು ನನಗೂ ತಿಳೀತು.”

ಐದು ನಿಮಿಷ

ಇನ್ನೊಂದು ಅವಕಾಶ ಕೊಡಿರೆಂದು ಒಂದು ವಾರ ಬೆನ್ನುಹತ್ತಿದೆ. ಐದು ನಿಮಿಷ ನಿಲ್ಲಿಸದೆ ಇಂಗ್ಲಿಷ್ ಮಾತಾಡಲಿ, ಆಮೇಲೆ ನೋಡೋಣ ಎಂದರು. ಈ ಸಲ ಅವರ ಪಕ್ಕದಲ್ಲಿ ಇಂಗ್ಲಿಷ್ ಮಾಸ್ತರರೂ ಕೂತಿದ್ದರು. ಅವರಿಗೆ ಇಂಗ್ಲಿಷ್ ತಿಳಿಯುತ್ತದಲ್ಲ!

ಹುಡುಗಿ ಕೈಕಟ್ಟಿ ನಿಂತು ಶುರು ಮಾಡಿದಳು. ಎರಡು ಸಾಲು ಕೇಳುತ್ತಲೇ ನಾನು ಮಾಸ್ತರರ ಕಡೆ ನೋಡಿದೆ. ಅದು ಏಳನೇ ತರಗತಿಯಲ್ಲಿ ನಾವೆಲ್ಲ ಬಾಯಿಪಾಠ ಹೊಡೆದ ರಜಾ ಅರ್ಜಿ. ಜ್ವರ ಬಂದಿದೆ, ಎರಡು ದಿನ ರಜೆ ಕೊಡಬೇಕು, ತಮ್ಮ ವಿಧೇಯ ವಿದ್ಯಾರ್ಥಿನಿ. ಒಂದು ನಿಮಿಷಕ್ಕೇ ಮುಗಿಯಿತು. ಹುಡುಗಿ ಉಸಿರು ಬಿಡದೆ ಹೊಟ್ಟೆನೋವಿನ ಅರ್ಜಿ ಎತ್ತಿಕೊಂಡಳು, ಆಮೇಲೆ ಅಕ್ಕನ ಮದುವೆಯದು, ಕೊನೆಗೆ ಅಜ್ಜಿ ತೀರಿಕೊಂಡದ್ದು. ಅಧ್ಯಕ್ಷರು ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ಅಜ್ಜಿ ಸತ್ತಾಗ “ವಾಹ್” ಅಂದರು.

ಹುಡುಗಿ ಹೇಗಿದ್ದಾಳೆಂದು ಮಾಸ್ತರರನ್ನು ಕೇಳಿದರು. ಮಾಸ್ತರರು ನನ್ನ ಮುಖ ನೋಡಿ, ಭಾಳ ಶ್ಯಾಣ್ಯಾ ಅದಾಳ್ರಿ ಎಂದರು. ನೇಮಕಾತಿ ಪತ್ರಕ್ಕೆ ಸಹಿ ಬಿತ್ತು.

ಹೊರಗೆ ಬಂದು ಮಾಸ್ತರರಿಗೆ ಕೈ ಮುಗಿದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ನನ್ನ ಇಂಟರ್‌ವ್ಯೂದಾಗ ಬರೇ ಜ್ವರ ಸಾಕಾಗಿತ್ರಿ ಮೇಡಮ್. ಈಗ ಕಾಂಪಿಟಿಷನ್ ಭಾಳ ಆಗ್ಯಾದ.”