ಏಳನೆಯ ಗಂಟೆಯ ಘಮದ ಬಗ್ಗೆ ಒಂದು ಅಹವಾಲು

ಸುಗಂಧ ಕಂಪನಿಯ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು, ತಮ್ಮ ಕಾರ್ಖಾನೆ ಮತ್ತು ತಮ್ಮ ಬಾಟಲಿಯ ಆ ಹೊಂಬಣ್ಣದ ಮುಚ್ಚಳ, ಮೂವರೂ ಕ್ಷೇಮವೆಂದು ನಂಬಿ, ನಾನು ಮಾತ್ರ ಅಷ್ಟೇನೂ ಕ್ಷೇಮವಾಗಿಲ್ಲವೆಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ಕನ್ನಡಕದ ಅಂಗಡಿಯೊಂದರ ಕತ್ತಲೆ ಕೋಣೆಯಲ್ಲಿ, ಪರರ ಮೂಗಿಗೆ ನನ್ನ ಮೂಗು ತಾಗುವಷ್ಟು ಹತ್ತಿರ ಕೂತು ಕಣ್ಣು ಪರೀಕ್ಷಿಸುವುದು ಇಪ್ಪತ್ತಾರು ವರ್ಷಗಳಿಂದ ನನ್ನ ಉದ್ಯೋಗ. ಇಂಥವನು ತಮ್ಮ ಬೆಚ್ಚನೆಯ ಮಸಾಲೆ ಸೆಂಟನ್ನು ಕೊಂಡನೆಂದರೆ ತಪ್ಪು ತಮ್ಮದಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

'ಚರ್ಮದ ಮೇಲೆ ನಿಧಾನವಾಗಿ ಅರಳುತ್ತದೆ' ಎಂದು ಡಬ್ಬದ ಮೇಲೆ ಬರೆಸಿದ್ದೀರಿ. ಮೊದಲ ಕಾಲು ಗಂಟೆ ಅದು ಅರಳುವುದಿಲ್ಲ, ಸಿಡಿಯುತ್ತದೆ. ಕಾಳುಮೆಣಸೂ ಕಿತ್ತಳೆ ಸಿಪ್ಪೆಯೂ ಸೇರಿ ಎದುರಿದ್ದವರ ಕಣ್ಣಿಗೇ ಕೈ ಹಾಕುತ್ತವೆ. ಗಂಟೆ ಕಳೆದರೆ ಚಕ್ಕೆ ಲವಂಗಗಳ ದರಬಾರು. "ಹಲ್ಲುನೋವಾ? ಲವಂಗದೆಣ್ಣೆ ಹಚ್ಕೊಂಡಿದ್ದೀರಾ?" ಎಂದು ಅಂಗಡಿಯ ಯಜಮಾನರು ಕನಿಕರದಿಂದ ವಿಚಾರಿಸಿದರು.

ಎಷ್ಟು ಹಾಕಿಕೊಳ್ಳಬೇಕೆಂದು ತಿಳಿಯದೆ ಪ್ರತಿ ಬೆಳಿಗ್ಗೆ ಹೆಂಡತಿಯ ಮುಂದೆ ಕತ್ತು ಚಾಚಿ ನಿಲ್ಲುತ್ತಿದ್ದೆ. ಅವಳು ಮೂಸಿ, "ಏನೂ ಬರ್ತಿಲ್ಲ ಕಣ್ರೀ, ಇನ್ನೊಂಚೂರು ಹಾಕ್ಕೊಳ್ಳಿ" ಎನ್ನುತ್ತಿದ್ದಳು. ಹದಿನಾಲ್ಕು ತಿಂಗಳ ಹಿಂದೆ ಬಂದ ಜ್ವರವೊಂದು ಅವಳ ವಾಸನೆ ಗ್ರಹಿಸುವ ಶಕ್ತಿಯನ್ನೇ ಹೊತ್ತುಕೊಂಡು ಹೋಗಿದೆ ಎಂಬುದನ್ನು ಇಲ್ಲಿ ಅರಿಕೆ ಮಾಡಬೇಕು. ಹಾಲು ಉಕ್ಕಿ ಸೀದರೂ ಅವಳಿಗೆ ತಿಳಿಯದು; ತಟ್ಟೆಯ ಮುಂದೆ ಕೂತು ಸುಮ್ಮನೆ ತುತ್ತು ನುಂಗುತ್ತಾಳೆ, ಅದನ್ನು ನೋಡಲಾಗುವುದಿಲ್ಲ. ಘಾಟು ವಾಸನೆಗಳನ್ನು ದಿನವೂ ಮೂಸುತ್ತಿದ್ದರೆ ಮರಳಿ ಬಂದೀತು ಎಂದು ವೈದ್ಯರು ಹೇಳಿದ್ದರು. ಬಾಟಲಿಯನ್ನೇ ಅವಳ ಕೈಗೆ ಕೊಡಬಹುದಿತ್ತು. ಆದರೆ ಅವಳಿಗೆ ಮೊದಲು ಮರಳುವ ವಾಸನೆ ನನ್ನದೇ ಆಗಿರಲಿ ಎಂಬ ದುರಾಸೆ ಈ ಐವತ್ತೆರಡರ ಪ್ರಾಯದವನಿಗೆ. ಹೀಗೆ, ವಾಸನೆಯೇ ತಿಳಿಯದವಳ ಮೂಗನ್ನು ಅಳತೆಗೆ ಇಟ್ಟುಕೊಂಡ ಜಾಣ ನಾನು, ಒಂದು ಸಲದಿಂದ ಹನ್ನೊಂದು ಸಲ ಸಿಂಪಡಿಸಿಕೊಳ್ಳುವವರೆಗೆ ಬೆಳೆದೆ.

ಅದರ ಫಲವಾಗಿ, ನನ್ನ ಮುಂದೆ ಕೂತವರೆಲ್ಲ ಕಣ್ಣೀರು ಸುರಿಸುತ್ತ ಫಲಕದ ಮೂರನೆಯ ಸಾಲನ್ನೂ ಓದಲಾರದೆ ಹೋದರು. ನಾನು ಶ್ರದ್ಧೆಯಿಂದ ಪವರ್ ಏರಿಸುತ್ತ ಹೋದೆ. ಪಕ್ಕದ ಬೀದಿಯ ದರ್ಜಿ ಹೆಂಗಸು ಹೊಸ ಕನ್ನಡಕ ಹಾಕಿಕೊಂಡು ಸೂಜಿಯ ಬದಲು ಬೆರಳಿಗೇ ದಾರ ಪೋಣಿಸಲು ಹೊರಟಳಂತೆ. ಈಗ ಯಜಮಾನರ ಅಪ್ಪಣೆಯಂತೆ ನಾನು ಅಂಗಡಿಯ ಹಿಂಭಾಗದಲ್ಲಿ ಒಬ್ಬನೇ ಕೂತು ಫ್ರೇಮುಗಳ ಸ್ಕ್ರೂ ಬಿಗಿ ಮಾಡುತ್ತಿದ್ದೇನೆ.

ಆದರೂ ಹೊಗಳದಿರಲಾರೆ. ಏಳನೆಯ ಗಂಟೆಗೆ ಮೆಣಸಿನ ಆರ್ಭಟ ಅಡಗಿ, ಲವಂಗ ಸುಸ್ತಾಗಿ, ಬಿಸಿಲಲ್ಲಿ ಕಾದ ಮರದಂಥ, ತುಸು ಸಿಹಿಯಾದ ಒಂದು ಘಮ ಚರ್ಮಕ್ಕೆ ಅಂಟಿ ಉಳಿಯುತ್ತದೆ. ಆದ್ದರಿಂದ ದಯವಿಟ್ಟು ಮೊದಲ ಆರು ಗಂಟೆಗಳನ್ನು ತಮ್ಮ ಕಾರ್ಖಾನೆಯಲ್ಲೇ ಕಳೆದು, ಏಳನೆಯದನ್ನು ಮಾತ್ರ ಬಾಟಲಿಗೆ ತುಂಬಿಸಿ ಕಳುಹಿಸಬೇಕೆಂದು ಕೋರುತ್ತೇನೆ.

ಏಕೆಂದರೆ ಕಳೆದ ಮಂಗಳವಾರ ಸಂಜೆ, ಮನೆಗೆ ಮರಳಿದ ನನ್ನ ಕೈಯಿಂದ ಊಟದ ಡಬ್ಬಿ ತೆಗೆದುಕೊಳ್ಳಲು ಹತ್ತಿರ ಬಂದ ಹೆಂಡತಿ ತಟ್ಟನೆ ಮುಖ ಕಿವುಚಿದಳು. "ಥೂ, ಏನ್ರೀ ಇದು, ಹಳೇ ಬೀರು ಬಾಗಿಲು ತೆಗ್ದ ಹಾಗಿದೆ! ಹೋಗಿ ಮೈ ತೊಳ್ಕೊಳ್ಳಿ ಮೊದ್ಲು!" ಎಂದಳು. ಮರುಕ್ಷಣ ಅವಳು ನನ್ನ ಕಾಲರು ಹಿಡಿದೆಳೆದು ಇನ್ನೊಮ್ಮೆ ಮೂಸಿದಳು, ಅತ್ತಳು. ನಾನೂ ಅತ್ತೆ, ತಪ್ಪನ್ನು ಮೆಣಸಿನ ಮೇಲೆ ಹಾಕೋಣವೆಂದರೆ ಅದರ ಹೊತ್ತು ಮುಗಿದು ಎಷ್ಟೋ ಗಂಟೆಯಾಗಿತ್ತು. ಬೈಸಿಕೊಂಡು ಇಷ್ಟು ಸಂತೋಷದಿಂದ ನಾನೆಂದೂ ಸ್ನಾನಕ್ಕೆ ಹೋದವನಲ್ಲ.

ತಮ್ಮ ವಿಶ್ವಾಸಿ,
ಹಿಂಭಾಗದ ಸ್ಕ್ರೂ ವಿಭಾಗದಿಂದ

ತಾ.ಕ.: ಮನೆಯಲ್ಲಿ ತಮ್ಮ ಸೆಂಟಿಗೆ ಈಗ ನಿಷೇಧವಿದೆ. ದಿನವೂ ಒಂದೊಂದು ತೊಟ್ಟನ್ನು ಪರದೆಗೋ ದಿಂಬಿಗೋ ಕದ್ದು ಹಚ್ಚಿಡುತ್ತೇನೆ, ಅವಳು ಹುಡುಕಿ ಹಿಡಿದು ಬೈಯುತ್ತಾಳೆ. ಬಾಟಲಿ ತಳ ಕಾಣುತ್ತಿರುವುದರಿಂದ ಇನ್ನೊಂದನ್ನು ಕಳುಹಿಸಿಕೊಡಿ. ದಯವಿಟ್ಟು ಅದನ್ನು ಸುಧಾರಿಸಲು ಹೋಗಬೇಡಿ. ಪರಿಮಳ ಚೆನ್ನಾಗಿಬಿಟ್ಟರೆ ಅವಳು ಬೈಯುವುದನ್ನು ನಿಲ್ಲಿಸಿಯಾಳು.