ಮುರಿಯದ ಜೋಡಿಯ ಮಾಸ್ತರ

ನಾನು ಎಲ್ಲಿ ಬಾಯಿ ಬಿಟ್ಟರೂ ಒಂದು ಫಜೀತಿ ಕಾದೇ ಇರುತ್ತದೆ. ಕಲಿತ ವಿದ್ಯೆಯೇ ಅಂಥಾದ್ದು. ತೊಂಬತ್ತರ ದಶಕದ ಕೊನೆಗೆ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಎರಡು ಗುಂಪಿನವರ ಇಷ್ಟ ಕೇಳಿಕೊಂಡು ಮುರಿಯದಂಥ ಜೋಡಿ ಮಾಡುವುದು ನನ್ನ ಸಂಶೋಧನೆ. ಷರತ್ತು ಕೊಟ್ಟರೆ ಸಾಕು, ಆಗದ ಜೋಡಿಗಳನ್ನು ಯಂತ್ರವೇ ಹೊಡೆದುಹಾಕುತ್ತದೆ. ಇಷ್ಟೆಲ್ಲ ಬಲ್ಲ ನನಗೆ ಮಾತ್ರ ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಅವ್ವನಿಗೆ ಅದೇ ಚಿಂತೆ, ನನಗೂ ಒಳಗೊಳಗೇ ಅದೇ.

೧. ಅವ್ವನ ಪ್ರಚಾರ

"ನಿಮ್ಮ ಮಗಾ ಏನ ಕೆಲಸಾ ಮಾಡ್ತಾನ್ರಿ?" ಎಂದು ಪಕ್ಕದ ಮನೆಯವರು ಕೇಳಿದ್ದಕ್ಕೆ ಅವ್ವ, "ಕಂಪ್ಯೂಟರ್‌ನ್ಯಾಗ ಲಗ್ನಾ ಕೂಡಸ್ತಾನ್ರಿ" ಎಂದುಬಿಟ್ಟಳು. ಮರುದಿನದಿಂದ ಓಣಿಯವರು ಜಾತಕ ಹಿಡಿದು ಬಾಗಿಲಿಗೆ ಬಂದರು. ಒಬ್ಬ ಅಜ್ಜಿ ನನ್ನನ್ನು ಕೆಳಗಿಂದ ಮೇಲಕ್ಕೆ ನೋಡಿ, ಮೊಮ್ಮಗಳ ಜಾತಕ ವಾಪಸ್ ಇಸಿದುಕೊಂಡಳು: "ಮಷಿನ್ ಛಲೋ ಇದ್ದಿದ್ರ ಮದಲ ಇವಂದ ಆಗತಿತ್ತಲ್ಲವಾ!"

೨. ಕಾಕಾನ ಕೇಂದ್ರ

ಗೋಕುಲ ರಸ್ತೆಯಲ್ಲಿ ವಧೂವರರ ಕೇಂದ್ರ ನಡೆಸುತ್ತಿದ್ದ ಕಾಕಾ ಒಬ್ಬರು ತಮ್ಮಲ್ಲಿದ್ದ ಎಲ್ಲರ ಷರತ್ತು ತಂದುಕೊಟ್ಟರು. ಹುಡುಗಿಯರೆಲ್ಲ 'ಮನ್ಯಾಗ ಅತ್ತಿ ಇರಬಾರದು' ಎಂದಿದ್ದರು. ಹುಡುಗರ ಷರತ್ತು ಬರೆಸಿದವರೆಲ್ಲ ಅವರ ತಾಯಂದಿರೇ! ಯಂತ್ರ ಒಂದೊಂದೇ ಹೆಸರು ಹೊಡೆಯುತ್ತ ಹೋಗಿ, ಕಡೆಗೆ 'ಉತ್ತರವಿಲ್ಲ' ಎಂದಿತು.

"ಇದಕ್ಕ ಕರೆಂಟ್ ಯಾಕ ಬೇಕ್ರಿ ಮಾಸ್ತರ? ಇಲ್ಲ ಅನ್ನಾಕ ನಮ್ಮನಿಯಾಕೀನ ಸಾಕು" ಎಂದರು ಕಾಕಾ. ಆದರೂ ಒಳ್ಳೆಯ ಮನುಷ್ಯ, ನನ್ನ ಕೈಬಿಡಲಿಲ್ಲ. "ಮುಗದ ಅನ್ನೂ ಹಳ್ಳ್ಯಾಗ ಒಂದ ಕನ್ಯಾ ಐತಿ. ಸಾಲಿ ಕಲಸ್ತಾಳ. ಷರತ್ತ ಏನೂ ಇಲ್ಲ. ನಡೀರಿ, ನೋಡಿ ಬರೂಣು."

೩. ಮುಗದದ ಉಪ್ಪಿಟ್ಟು

ಅವ್ವ, ಕಾಕಾ, ನಾನು ಹೋದೆವು. ಹುಡುಗಿ ನೋಡಿದ ಕೂಡಲೇ ಮನಸ್ಸಿಗೆ ಬಂದಳು. ಇದೊಂದು ಕೂಡಿದರೆ ಸಾಕಪ್ಪಾ ಅನ್ನಿಸಿ, ಕೊಟ್ಟ ಉಪ್ಪಿಟ್ಟನ್ನೆಲ್ಲ ಗಬಗಬ ತಿಂದು ತಾಟು ಕೆಳಗಿಟ್ಟೆ.

"ಏನರ ಕೇಳೂದಿದ್ರ ಕೇಳವಾ" ಎಂದರು ಅವಳ ಅಪ್ಪ.

"ನೀವು ಮುರಿಯದ ಜೋಡಿ ಮಾಡ್ತೀರಿ ಅಂತ ಕಾಕಾ ಹೇಳ್ಯಾರ. ಹಂಗಂದ್ರ ಹ್ಯಾಂಗ್ರಿ?" ಎಂದಳು ಹುಡುಗಿ.

ನಾನು ಪಾಠ ಶುರುಮಾಡಿಯೇ ಬಿಟ್ಟೆ. "ಈಗ ನೋಡ್ರಿ, ನಿಮಗ ನನ್ನಕಿಂತ ಇನ್ನೊಬ್ಬಾಂವ ಹೆಚ್ಚು ಇಷ್ಟ ಇರಬಹುದು..."

ಅವ್ವ ಕಾಲಿನಿಂದ ತಿವಿದಳು. ಮಾಸ್ತರಿಕೆ ನಿಲ್ಲಬೇಕಲ್ಲ!

"...ಆದ್ರ ಅವಗೂ ನೀವು ಬೇಕಾಗಿದ್ರಷ್ಟ ನಮ್ಮ ಜೋಡಿ ಮುರೀತೈತಿ. ಅವಾ ಒಲ್ಲೆ ಅಂದ್ರ ಏನೂ ಆಗೂದಿಲ್ಲ."

ಕಾಕಾ ಎದ್ದು ಚಪ್ಪಲಿ ಹುಡುಕತೊಡಗಿದರು. ಹುಡುಗಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಹೂಂ ಅನ್ನು. ಈ ಜೋಡಿ ಮುರಿಯೂದಿಲ್ಲ. ನನ್ನ ನೋಡಾಕ ಬಂದಿದ್ದ, ಇವರಕಿಂತ ಚಂದ ಇದ್ದ ಆ ಬ್ಯಾಂಕಿನವಾ ಹೋದ ವಾರನ ಒಲ್ಲೆ ಅಂದಾನ."